ಕಾಯಿಲೆಯ ಗುಟ್ಟು ಯಾರ ಅಮಾನತ್ತು?

ಜೆಪ್ಪು ಮಂಗಳೂರು ನಗರದ ದಕ್ಷಿಣದ ಅಂಚು. ಕೆಳಗೆ ನೇತ್ರಾವತಿ ನದಿ, ಮೇಲೆ ಕಂಕನಾಡಿಯ ಗುಡ್ಡ. ಈ ಎರಡರ ನಡುವಿನ ಪುಟ್ಟ ಊರಿನಲ್ಲಿ ದೇವರ ಮನೆಗಳೂ ಕಾಯಿಲೆಯವರ ಮನೆಗಳೂ ಬಹಳ ಹತ್ತಿರ ಹತ್ತಿರ ಇವೆ. ಕೆಥೊಲಿಕ್ ಪಾದ್ರಿಗಳನ್ನು ತಯಾರು ಮಾಡುವ ಸಂತ ಜೋಸೆಫರ ಸೆಮಿನರಿಯ ಇತಿಹಾಸ 1879ಕ್ಕೆ ಹೋಗುತ್ತದೆ. ಬೋಳಾರದ ಕಡೆಗೆ ನಡೆದರೆ ಮಂಗಳಾದೇವಿಯ ದೇವಸ್ಥಾನ. ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು ಇದೇ ಬದಿಯ ನದಿ ದಂಡೆಯಲ್ಲಿ. ಮಸೀದಿಯ ಬಾಂಗ್ ಮತ್ತು ಇಗರ್ಜಿಯ ಗಂಟೆ ಒಂದೇ ಅಂಗಳಕ್ಕೆ ಕೇಳಿಸುತ್ತವೆ. ನದಿ ದಾಟಿದರೆ ಉಳ್ಳಾಲದ ದರ್ಗಾ. ಗುಡ್ಡ ಹತ್ತಿದರೆ ಫಾದರ್ ಮುಲ್ಲರ್ ಆಸ್ಪತ್ರೆ.

ಈ ಊರಿನಲ್ಲಿ ಕಾಯಿಲೆ ಬಿದ್ದವರು ತಲೆತಲಾಂತರದಿಂದ ಎರಡು ಬಾಗಿಲುಗಳನ್ನು ತಟ್ಟುತ್ತಾ ಬಂದಿದ್ದಾರೆ. ಒಂದು ಮದ್ದಿನ ಬಾಗಿಲು, ಇನ್ನೊಂದು ಪ್ರಾರ್ಥನೆಯ ಬಾಗಿಲು. ಎರಡೂ ಕಡೆ ಅವರು ಮಾಡುತ್ತಿದ್ದ ಮೊದಲ ಕೆಲಸ ಒಂದೇ: ಬೇರೆ ಯಾರಲ್ಲೂ ಹೇಳದ್ದನ್ನು ಅಲ್ಲಿ ಹೇಳುವುದು. ವೈದ್ಯರ ಮುಂದೆ ದೇಹದ ಗುಟ್ಟು, ಪಾದ್ರಿ ಅಥವಾ ತಂಙಳರ ಮುಂದೆ ಮನಸ್ಸಿನ ಗುಟ್ಟು. ಈಗ ಮೂರನೆಯ ಬಾಗಿಲೊಂದು ಬಂದಿದೆ. ಅದು ಪ್ರತಿಯೊಬ್ಬರ ಅಂಗೈಯಲ್ಲೇ ಇದೆ. ಅದಕ್ಕೂ ನಾವು ಎಲ್ಲವನ್ನೂ ಹೇಳುತ್ತಿದ್ದೇವೆ. ಆದರೆ ಆ ಬಾಗಿಲಿನ ಹಿಂದೆ ಕುಳಿತವರು ಯಾರು? ಅವರು ನಮ್ಮ ಗುಟ್ಟನ್ನು ಅಮಾನತ್ತೆಂದು ಭಾವಿಸಿದ್ದಾರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಚೆಯಲ್ಲಿ ಹೋದ ಮದ್ದು

1878ರ ಕೊನೆಯಲ್ಲಿ ಜೆಸ್ವಿತ್ ಪಾದ್ರಿಗಳ ಒಂದು ತಂಡ ಮಂಗಳೂರಿಗೆ ಬಂದಿಳಿಯಿತು. ಅವರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್ ಒಬ್ಬರು. ಅವರು ಬಂದದ್ದು ಪಾಠ ಹೇಳಲು. ಆದರೆ ಹೋಮಿಯೋಪತಿಯನ್ನು ಬಲ್ಲವರಾಗಿದ್ದರು. 1880ರಲ್ಲಿ ಬಡವರಿಗಾಗಿ ಒಂದು ಸಣ್ಣ ಔಷಧಾಲಯ ತೆರೆದರು. ಮರದ ನೆರಳಿನಲ್ಲಿ ಕುಳಿತು ಮದ್ದು ಕೊಡುತ್ತಿದ್ದರೆಂದು ಊರು ಇಂದಿಗೂ ನೆನಪಿಸಿಕೊಳ್ಳುತ್ತದೆ. ಅವರ ಮದ್ದು ಕಂಕನಾಡಿಯಲ್ಲೇ ಉಳಿಯಲಿಲ್ಲ, ಅಂಚೆಯ ಮೂಲಕ ದೇಶದ ಬೇರೆ ಬೇರೆ ಊರುಗಳಿಗೂ ಹೋಯಿತು.

ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಹೋಮಿಯೋಪತಿಯಲ್ಲಿ ಮದ್ದಿನ ಆಯ್ಕೆ ನಿಂತಿರುವುದೇ ರೋಗಿ ಹೇಳುವ ಕಥೆಯ ಮೇಲೆ. ಎಲ್ಲಿ ನೋವು, ಯಾವಾಗ ಹೆಚ್ಚು, ನಿದ್ದೆ ಹೇಗೆ, ಮನಸ್ಸು ಹೇಗೆ ಎಂಬುದನ್ನೆಲ್ಲ ಬಿಡಿಸಿ ಹೇಳಬೇಕು. ದೂರದೂರಿನವನಿಗೆ ಮದ್ದು ಅಂಚೆಯಲ್ಲಿ ಬರಬೇಕಾದರೆ ಅವನ ಕಥೆಯೂ ಕಾಗದದಲ್ಲೇ ಹೋಗಬೇಕು. ವೈದ್ಯರ ಮುಖ ನೋಡದೆ ಮದ್ದು ಪಡೆಯುವ ಪದ್ಧತಿ ಅಂತರ್ಜಾಲ ತಂದ ಹೊಸತೇನಲ್ಲ ಎಂದಾಯಿತು. ವ್ಯತ್ಯಾಸವಿದ್ದುದು ಬೇರೆ ಕಡೆ. ಆ ಕಾಗದ ಒಂದೇ ಪ್ರತಿಯಲ್ಲಿತ್ತು. ಲಕೋಟೆಯೊಳಗಿತ್ತು. ಅದನ್ನು ಒಡೆದು ಓದುವವರಿಗೆ ಒಂದು ಹೆಸರಿತ್ತು, ಒಂದು ವಿಳಾಸವಿತ್ತು, ದೇವರ ಭಯವಿತ್ತು.

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಆಶ್ರಯವೊಂದನ್ನು ಕಟ್ಟಿದರು. ಕಾಯಿಲೆಯ ಗುಟ್ಟು ಬಯಲಾದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಕುಷ್ಠರೋಗದಷ್ಟು ಸ್ಪಷ್ಟವಾಗಿ ಹೇಳುವ ಕಾಯಿಲೆ ಇನ್ನೊಂದಿಲ್ಲ. ಬೆರಳಿನ ಮೇಲೆ ಮಚ್ಚೆ ಕಂಡರೆ ಸಾಕು, ಮನೆ, ಮದುವೆ, ಕೆಲಸ, ಬಾವಿಯ ನೀರು ಎಲ್ಲವೂ ಕೈ ತಪ್ಪುತ್ತಿತ್ತು. 1898ರಲ್ಲಿ ಬ್ರಿಟಿಷ್ ಸರಕಾರ ತಂದ ಕುಷ್ಠರೋಗಿಗಳ ಕಾಯ್ದೆ ನಿರ್ಗತಿಕ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಇರಿಸಲು ಅಧಿಕಾರ ಕೊಟ್ಟಿತು. ಸ್ವತಂತ್ರ ಭಾರತ ಆ ಕಾಯ್ದೆಯನ್ನು ರದ್ದುಪಡಿಸಿದ್ದು 2016ರಲ್ಲಿ! ಸಂಗಾತಿಗೆ ಕುಷ್ಠರೋಗವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ನಿಯಮವು ಹಿಂದೂ, ಕ್ರೈಸ್ತ, ಮುಸ್ಲಿಮ್ ವಿವಾಹ ಕಾನೂನುಗಳಲ್ಲೆಲ್ಲ ಇತ್ತು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯೂ ಇದಕ್ಕೆ ಹೊರತಾಗಿರಲಿಲ್ಲ. 2019ರ ತಿದ್ದುಪಡಿ ಆ ನಿಯಮವನ್ನು ಎಲ್ಲ ಕಡೆಯಿಂದಲೂ ತೆಗೆದುಹಾಕಿತು. ಅಷ್ಟರಲ್ಲಿ ಕುಷ್ಠರೋಗ ಪೂರ್ತಿ ಗುಣವಾಗುವ ಮದ್ದು ಬಂದು ಹಲವು ದಶಕಗಳೇ ಕಳೆದಿದ್ದವು. ಕಾಯಿಲೆ ವಾಸಿಯಾದರೂ ಕಾಯಿಲೆಯ ಹೆಸರು ವಾಸಿಯಾಗುವುದಿಲ್ಲ ಎಂಬುದು ಈ ಇತಿಹಾಸದ ಮೊದಲ ಪಾಠ.

ಹಿಂದೆ ಗುಟ್ಟು ಉಳಿಯುತ್ತಿತ್ತೇ?

ಹಾಗಾದರೆ ಹಿಂದಿನ ಕಾಲ ಬಹಳ ಒಳ್ಳೆಯದಿತ್ತೇ? ಹಾಗೆ ಹೇಳಿದರೆ ಅದು ಸುಳ್ಳಾದೀತು. ಹೆಂಚಿನ ಕಾರ್ಖಾನೆಯ ಕೂಲಿಯ ಸಾಲಿನಲ್ಲಿ, ಬಾವಿಕಟ್ಟೆಯಲ್ಲಿ, ಮದುವೆ ಮನೆಯ ಅಡಿಗೆಕೋಣೆಯಲ್ಲಿ ಯಾರ ಮನೆಯ ಹುಡುಗಿಗೆ ಏನಾಗಿದೆ ಎಂಬುದು ತಿಳಿಯದೇ ಹೋಗುತ್ತಿರಲಿಲ್ಲ.

ಕರಾವಳಿಯ ಬ್ಯಾರಿ ಮನೆಗಳಿಂದ ಗಂಡಸರು ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದ ಕಾಲವನ್ನು ನೆನಪಿಸಿಕೊಳ್ಳಿ. ಓದು ಬರಹ ಬಾರದ ತಾಯಿಗೆ ಮಗನ ಕಾಗದ ಓದಿ ಹೇಳಲು ಪಕ್ಕದ ಮನೆಯ ಹುಡುಗ ಬರಬೇಕಿತ್ತು. ಸೊಸೆಗೆ ಮಕ್ಕಳಾಗದ ಚಿಂತೆ, ಮಾವನ ಸಕ್ಕರೆ ಕಾಯಿಲೆ, ಮಗನ ಬೆನ್ನುನೋವು ಎಲ್ಲವೂ ಆ ಹುಡುಗನ ನಾಲಿಗೆಯ ಮೇಲಿನಿಂದಲೇ ಹಾದು ಹೋಗುತ್ತಿದ್ದವು. ಆ ಬಳಿಕ ಮಾತನ್ನು ಕ್ಯಾಸೆಟ್‌ಗೆ ತುಂಬಿ ಕಳುಹಿಸುವ ಕಾಲ ಬಂತು. ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಅಂಥ ಕ್ಯಾಸೆಟ್‌ಗಳಿರುತ್ತಿದ್ದವು. ಮತ್ತೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು. ಹೊರಗೆ ಸಾಲಿನಲ್ಲಿ ನಿಂತವರಿಗೆ ಒಳಗಿನ ಅಳು ಕೇಳಿಸುತ್ತಿತ್ತು. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದುಕೊಂಡಿತು. ಕೆಲವೇ ವರ್ಷಗಳಲ್ಲಿ ಸೈಬರ್ ಕೆಫೆಗಳು ಬಂದವು.

ಆದರೂ ಆ ಬಾಯಿಮಾತಿಗೆ ಮೂರು ಎಲ್ಲೆಗಳಿದ್ದವು. ಒಂದು, ಅದಕ್ಕೆ ಮುಖವಿತ್ತು. ಗುಟ್ಟು ಒಡೆದವನು ಯಾರೆಂದು ತಿಳಿಯುತ್ತಿತ್ತು. ಅವನನ್ನು ಮಸೀದಿಯ ಅಂಗಳದಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಎರಡು, ಅದಕ್ಕೆ ಗಡಿಯಿತ್ತು. ಜೆಪ್ಪುವಿನ ಮಾತು ಬಂದರು ತಲುಪುವಷ್ಟರಲ್ಲಿ ಸವೆದು ಹೋಗುತ್ತಿತ್ತು. ಮೂರು, ಅದಕ್ಕೆ ಮರೆವು ಇತ್ತು. ಹತ್ತು ವರ್ಷದ ಬಳಿಕ ಹೇಳುವವರೂ ಕೇಳುವವರೂ ಇರುತ್ತಿರಲಿಲ್ಲ. ಅಂತರ್ಜಾಲ ಗಾಳಿಮಾತನ್ನು ಹೊಸದಾಗಿ ಹುಟ್ಟಿಸಲಿಲ್ಲ. ಅದರ ಈ ಮೂರು ಎಲ್ಲೆಗಳನ್ನು ಅಳಿಸಿಹಾಕಿತು, ಅಷ್ಟೇ. ಆದರೆ ಆ 'ಅಷ್ಟೇ' ಎಂಬುದರಲ್ಲಿ ಎಷ್ಟೋ ಜನರ ಬದುಕು ಅಡಗಿದೆ.

ಗೋಡೆ ಹಾರಿದ ಖಲೀಫ

ಗುಟ್ಟನ್ನು ಕಾಯುವುದು ಧರ್ಮದ ವಿಷಯವೇ ಎಂದು ಕೇಳುವವರಿದ್ದಾರೆ. ಪವಿತ್ರ ಕುರ್‌ಆನಿನ 49ನೇ ಅಧ್ಯಾಯದ 12ನೇ ವಚನ ಇತರರ ಗುಟ್ಟನ್ನು ಹುಡುಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ. 24ನೇ ಅಧ್ಯಾಯದ 27ನೇ ವಚನ ಅನುಮತಿ ಕೇಳದೆ, ಸಲಾಮ್ ಹೇಳದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದೆನ್ನುತ್ತದೆ. ಸಭೆಯಲ್ಲಿ ಆಡಿದ ಮಾತು ಅಮಾನತ್ತು ಎಂಬ ಅರ್ಥದ ಪ್ರವಾದಿ(ಸ) ವಚನ ಅಬೂ ದಾವೂದರ ಸಂಗ್ರಹದಲ್ಲಿದೆ.

ಖಲೀಫ ಉಮರ್(ರ) ಅವರ ಬಗ್ಗೆ ಒಂದು ಪ್ರಸಂಗವನ್ನು ಇಮಾಮ್ ಗಝಾಲಿಯವರೂ ಉಲ್ಲೇಖಿಸಿದ್ದಾರೆ. ರಾತ್ರಿಯ ಗಸ್ತಿನಲ್ಲಿದ್ದ ಖಲೀಫರಿಗೆ ಒಂದು ಮನೆಯೊಳಗೆ ತಪ್ಪು ನಡೆಯುತ್ತಿದೆ ಎಂಬ ಸಂಶಯ ಬಂತು. ಗೋಡೆ ಹಾರಿ ಒಳಗಿಳಿದರು. ತಪ್ಪು ಕಣ್ಣೆದುರೇ ಇತ್ತು. ಆದರೆ ಮನೆಯವನು ಸುಮ್ಮನಿರಲಿಲ್ಲ. ನಾನು ಮಾಡಿದ್ದು ಒಂದು ತಪ್ಪಾದರೆ ನೀವು ಮಾಡಿದ್ದು ಮೂರು ಎಂದ. ಗುಟ್ಟು ಹುಡುಕಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿ ಕೇಳದೆ, ಸಲಾಮ್ ಹೇಳದೆ ಒಳಗೆ ಬಂದಿರಿ ಎಂಬುದು ಅವನ ವಾದ. ಖಲೀಫರು ಅದನ್ನು ಒಪ್ಪಿ ಹೊರಟುಹೋದರು. ರಾಜ್ಯವನ್ನು ಆಳುವವನಿಗೂ ಪ್ರಜೆಯ ಗೋಡೆ ಹಾರುವ ಹಕ್ಕಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಎಲ್ಲ ಸಂದರ್ಭದಲ್ಲೂ ಬಾಯಿ ಮುಚ್ಚಿಕೊಂಡಿರಬೇಕೆಂದು ವಿದ್ವಾಂಸರು ಹೇಳಿಲ್ಲ. ಇನ್ನೊಬ್ಬರ ದೋಷವನ್ನು ಹೇಳಬಹುದಾದ ಸಂದರ್ಭಗಳನ್ನು ಗಝಾಲಿ ಮತ್ತು ಇಮಾಮ್ ನವವಿ ಎಣಿಸಿಟ್ಟಿದ್ದಾರೆ. ಅನ್ಯಾಯದ ದೂರು ಕೊಡುವಾಗ, ಧಾರ್ಮಿಕ ತೀರ್ಪು ಕೇಳುವಾಗ, ಅಪಾಯದಲ್ಲಿರುವವರನ್ನು ಎಚ್ಚರಿಸುವಾಗ ಹೇಳಬಹುದು. ಮದುವೆ ಸಂಬಂಧದ ಬಗ್ಗೆ ಸಲಹೆ ಕೇಳಿ ಬಂದವರಿಗೆ ಸತ್ಯ ಹೇಳುವುದೂ ಇದರಲ್ಲಿ ಸೇರಿದೆ. ಆದರೆ ಅಗತ್ಯವಿದ್ದವರಿಗೆ, ಅಗತ್ಯವಿದ್ದಷ್ಟೇ. ಊರಿಗೆಲ್ಲ ಸಾರುವುದಕ್ಕಲ್ಲ. ಸಾಂಕ್ರಾಮಿಕದ ವಿಷಯದಲ್ಲೂ ಇದೇ ತಕ್ಕಡಿ. ಪಿಡುಗು ಹಬ್ಬಿದ ಊರಿಗೆ ಹೋಗಬೇಡಿ, ಅಲ್ಲಿಂದ ಓಡಿಯೂ ಬರಬೇಡಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸಮಾಜದ ಹಿತಕ್ಕಾಗಿ ವ್ಯಕ್ತಿಯ ಓಡಾಟಕ್ಕೆ ಮಿತಿಯಿದೆ. ಆದರೆ ಆ ಮಿತಿ ರೋಗಿಯ ಮಾನಕ್ಕೆ ಕೈಹಾಕುವ ಪರವಾನಿಗೆಯಲ್ಲ.

ವೈದ್ಯಕೀಯವೂ ಇದೇ ಮಾತನ್ನು ಬೇರೆ ದಾರಿಯಿಂದ ಹೇಳಿದೆ. ಗ್ರೀಕರ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಪ್ರತಿಜ್ಞೆ ರೋಗಿಯ ಗುಟ್ಟನ್ನು ಕಾಯಬೇಕೆಂದು ವೈದ್ಯನನ್ನು ಕಟ್ಟಿಹಾಕುತ್ತದೆ. ಅದರ ಅರಬಿ ರೂಪವನ್ನು 13ನೇ ಶತಮಾನದ ಇಬ್ನ್ ಅಬೀ ಉಸೈಬಿಅ ತನ್ನ ವೈದ್ಯರ ಚರಿತ್ರೆಯಲ್ಲಿ ಉಳಿಸಿಕೊಟ್ಟರು. ಕೆಥೊಲಿಕರಲ್ಲಿ ಪಾಪನಿವೇದನೆಯ ಮಾತನ್ನು ಪಾದ್ರಿ ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಜೆಪ್ಪುವಿನ ಸೆಮಿನರಿಯಲ್ಲಿ ಕಲಿಯುವ ಪ್ರತಿಯೊಬ್ಬನೂ ಇದನ್ನು ಕಲಿತೇ ಹೊರಡುತ್ತಾನೆ. ಎಲ್ಲ ದಾರಿಗಳೂ ಬಂದು ಸೇರುವುದು ಒಂದೇ ಮಾತಿಗೆ: ಗುಟ್ಟು ಕೇಳಿಸಿಕೊಂಡವನಿಗೆ ಅದು ಸ್ವತ್ತಲ್ಲ, ಸಾಲ.

ಕಾನೂನು ನಡೆದು ಬಂದ ದಾರಿ

ಕಾನೂನು ಮಾತ್ರ ಇದನ್ನು ನಿಧಾನವಾಗಿ ಕಲಿಯಿತು. 1872ರ ಭಾರತೀಯ ಸಾಕ್ಷ್ಯ ಕಾಯ್ದೆ ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ರಕ್ಷಣೆ ಕೊಟ್ಟಿತು. ವೈದ್ಯ ಮತ್ತು ರೋಗಿಯ ಮಾತಿಗೆ ಅಂಥ ರಕ್ಷಣೆ ಅದರಲ್ಲಿರಲಿಲ್ಲ. ಪಾದ್ರಿಯ ಕಿವಿಗೆ ಹೇಳಿದ ಮಾತಿಗೂ ಇರಲಿಲ್ಲ. 1897ರಲ್ಲಿ ಪ್ಲೇಗು ಹಬ್ಬಿದಾಗ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅದರ ಹೆಸರಿನಲ್ಲಿ ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕತೊಡಗಿದರು. 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಕಾಯಿಲೆ ಬಿದ್ದ ಮುಸ್ಲಿಮ್ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದಾಗ ಗಲಭೆಯೇ ಎದ್ದಿತು. ಆ ಜನರನ್ನು ಅಂದಿನ ಸರಕಾರ ಮೂಢರೆಂದು ತಿಳಿಯಿತು. ಆದರೆ ಅವರ ಸಿಟ್ಟಿಗೆ ಕಾರಣ ಮದ್ದಲ್ಲ, ಅಂತಃಪುರದ ಬಾಗಿಲನ್ನು ಅಪರಿಚಿತರು ಒದ್ದು ತೆರೆದದ್ದು.

ನೂರು ವರ್ಷಗಳ ಬಳಿಕ, 1998ರಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ರಕ್ತದಾನ ಮಾಡಲು ಹೋದವರೊಬ್ಬರಿಗೆ ಎಚ್‌ಐವಿ ಇರುವುದು ತಿಳಿಯಿತು. ಆಸ್ಪತ್ರೆಯಿಂದ ಸುದ್ದಿ ಹೊರಬಿದ್ದು ಅವರ ಮದುವೆ ಮುರಿಯಿತು. ಬಂಧುಬಳಗ ದೂರವಾಯಿತು. ಕೈಹಿಡಿಯಲಿದ್ದ ಹೆಣ್ಣಿನ ಜೀವದ ಹಕ್ಕು ದೊಡ್ಡದು, ಆದ್ದರಿಂದ ತಿಳಿಸಿದ್ದು ತಪ್ಪಲ್ಲ ಎಂದು ಕೋರ್ಟು ಹೇಳಿತು. ಹೆಣ್ಣಿಗೆ ತಿಳಿಯಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಊರಿಗೂ ತಿಳಿಯಬೇಕಿತ್ತೇ? ಈ ಪ್ರಶ್ನೆಗೆ ಉತ್ತರ ಸಿಗಲು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೇ ಬರಬೇಕಾಯಿತು. ಒಪ್ಪಿಗೆಯಿಲ್ಲದೆ ಯಾರ ಸ್ಥಿತಿಯನ್ನೂ ಬಹಿರಂಗಪಡಿಸಬಾರದು, ಅಪಾಯದಲ್ಲಿರುವ ಸಂಗಾತಿಗೆ ವೈದ್ಯರು ಕೆಲವು ಶರತ್ತುಗಳೊಂದಿಗೆ ತಿಳಿಸಬಹುದು ಎಂದು ಆ ಕಾಯ್ದೆ ಹೇಳಿತು. ಗಝಾಲಿಯವರ ತಕ್ಕಡಿಯೇ ಒಂಬೈನೂರು ವರ್ಷಗಳ ಬಳಿಕ ಸಂಸತ್ತಿನಲ್ಲಿ ಕಾಣಿಸಿಕೊಂಡಂತಾಯಿತು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕೋರ್ಟು ಹತ್ತಿದ ಈ ಕನ್ನಡಿಗರು 2024ರಲ್ಲಿ ತೀರಿಕೊಂಡರು. ಗೋಡೆ ಹಾರಿದ ಖಲೀಫರನ್ನು ಪ್ರಶ್ನಿಸಿದ ಆ ಹೆಸರಿಲ್ಲದ ಮನೆಯವನ ಸಾಲಿನಲ್ಲಿ ನಾವು ಇವರನ್ನೂ ನೆನೆಯಬೇಕು.

2020: ವಿಳಾಸವೂ ಕಾಯಿಲೆಯೂ ಒಂದಾದಾಗ

ಹಕ್ಕು ಕಾಗದದ ಮೇಲೆ ಸಿಕ್ಕಿ ಮೂರು ವರ್ಷ ತುಂಬುವ ಮೊದಲೇ ಪರೀಕ್ಷೆ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬಿದಾಗ ಸರಕಾರಗಳು ಕೈಗೆತ್ತಿಕೊಂಡದ್ದು ಅದೇ 1897ರ ಕಾಯ್ದೆಯನ್ನು. ಆದರೆ ಈಗ ಮನೆಗೆ ನುಗ್ಗಲು ಸಿಪಾಯಿ ಬೇಕಿರಲಿಲ್ಲ. ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದ ಬೆಂಗಳೂರಿನ ಸಾವಿರಾರು ಮಂದಿಯ ಮನೆ ವಿಳಾಸಗಳನ್ನು ಕರ್ನಾಟಕ ಸರಕಾರ ಅಂತರ್ಜಾಲದಲ್ಲಿ ಪ್ರಕಟಿಸಿತು. ಆ ತಿಂಗಳ ಕೊನೆಗೆ ಮತ್ತೊಂದು ಆಜ್ಞೆ ಬಂತು. ಮನೆಯಲ್ಲಿ ಪ್ರತ್ಯೇಕವಾಗಿರುವವರು ರಾತ್ರಿ ಹೊತ್ತು ಬಿಟ್ಟು ಪ್ರತಿ ಗಂಟೆಗೊಮ್ಮೆ ತಮ್ಮ ಫೋಟೊ ತೆಗೆದು ಕಳುಹಿಸಬೇಕು. ಅವರಲ್ಲಿ ಹೆಂಗಸರಿದ್ದರು, ಪರದೆ ಪಾಲಿಸುವವರಿದ್ದರು. ಆ ಫೋಟೊ ಯಾರ ಕೈಯಲ್ಲಿ ಎಷ್ಟು ಕಾಲ ಇರುತ್ತದೆ ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ದಕ್ಷಿಣ ಕನ್ನಡದ ಮೊದಲ ರೋಗಿ ದುಬೈಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಯುವಕ. ಕೊಲ್ಲಿಯಿಂದ ಬಂದವರೆಂದರೆ ಸಂಶಯದಿಂದ ನೋಡುವ ಕಣ್ಣುಗಳು ಅಂದಿನಿಂದಲೇ ಹುಟ್ಟಿಕೊಂಡವು. ದೆಹಲಿಯ ನಿಝಾಮುದ್ದೀನ್‌ನಲ್ಲಿ ತಬ್ಲೀಗ್ ಜಮಾಅತಿನ ಸಭೆ ನಡೆದಿತ್ತು. ಕೇಂದ್ರ ಆರೋಗ್ಯ ಇಲಾಖೆ ದಿನದ ಲೆಕ್ಕದಲ್ಲಿ ಆ ಸಭೆಗೆ ಸಂಬಂಧಿಸಿದ ರೋಗಿಗಳನ್ನು ಬೇರೆಯಾಗಿಯೇ ಎಣಿಸಿ ಹೇಳತೊಡಗಿತು. ಕಾಯಿಲೆಗೆ ಧರ್ಮದ ಹೆಸರು ಅಂಟಿತು. ಟ್ವಿಟರ್‌ನಲ್ಲಿ, ವಾಟ್ಸಾಪ್‌ನಲ್ಲಿ ಅದು ಹೇಗೆ ಹರಿಯಿತೆಂಬುದನ್ನು ಮರೆಯಲು ಇನ್ನೂ ಸಾಧ್ಯವಾಗಿಲ್ಲ. ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲಿ ರದ್ದು ಮಾಡಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂಬ ಅರ್ಥದ ಮಾತು ಹೇಳಿತು. ಆದರೆ ತೀರ್ಪು, ಸುಳ್ಳು ತಲುಪಿದಷ್ಟು ಮನೆಗಳನ್ನು ತಲುಪಲಿಲ್ಲ.

ಗಡಿಯಾಚೆಯ ಕಾಸರಗೋಡಿನವರ ಪಾಡು ಇನ್ನೂ ಕಷ್ಟದ್ದಾಗಿತ್ತು. ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು. ಸದಾ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ಕಾಗದಪತ್ರ ಹಿಡಿದು ನಿಲ್ಲಬೇಕಾಯಿತು. ಇದೇ ಜಿಲ್ಲೆಯ ಕೊರೊನಾ ರೋಗಿಗಳ ವಿವರಗಳು ಹೊರಬಿದ್ದು, ಗುಣವಾದವರಿಗೆ ಅಪರಿಚಿತ ಕರೆಗಳು ಬಂದ ಸುದ್ದಿ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಅದೇ ತಿಂಗಳು ಕೇರಳ ಸರಕಾರ ಸ್ಪ್ರಿಂಕ್ಲರ್ ಎಂಬ ವಿದೇಶಿ ಕಂಪೆನಿಗೆ ರೋಗಿಗಳ ಮಾಹಿತಿಯ ಕೆಲಸ ವಹಿಸಿದ್ದು ವಿವಾದವಾಯಿತು. ಹೆಸರು ಗುರುತು ಅಳಿಸಿಯೇ ಮಾಹಿತಿ ಕೊಡಬೇಕೆಂದು ಕೇರಳ ಹೈಕೋರ್ಟ್ ಆದೇಶಿಸಿತು. ಆರೋಗ್ಯ ಸೇತು ಆಪ್‌ನ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಹಂಚಬಾರದೆಂದು ಕರ್ನಾಟಕ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಕೋರ್ಟುಗಳು ಎಚ್ಚರವಾಗಿದ್ದವು. ಆದರೆ ಹೊರಬಿದ್ದ ಮಾಹಿತಿಯನ್ನು ಯಾವ ಕೋರ್ಟೂ ಮರಳಿ ಲಕೋಟೆಗೆ ಹಾಕಲಾರದು.

ನಮಾಝಿನ ಸಮಯವೂ ಮಾರಾಟಕ್ಕೆ

ಕಾಯಿಲೆಯಷ್ಟೇ ಅಲ್ಲ, ಆರಾಧನೆಯೂ ಈಗ ದಾಖಲೆಯಾಗುತ್ತಿದೆ. 2020ರ ನವೆಂಬರ್‌ನಲ್ಲಿ ಪತ್ರಕರ್ತರು ಒಂದು ಸಂಗತಿಯನ್ನು ಬಯಲಿಗೆಳೆದರು. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಮ್ ಪ್ರೊ ಎಂಬ ಆಪ್ ಜಗತ್ತಿನಾದ್ಯಂತ ಒಂಬತ್ತು ಕೋಟಿಗೂ ಹೆಚ್ಚು ಮೊಬೈಲ್‌ಗಳಿಗೆ ಇಳಿದಿತ್ತು. ಅದನ್ನು ಬಳಸುವವರು ಎಲ್ಲಿದ್ದಾರೆ ಎಂಬ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು. ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರಿದ್ದರು. ಸುದ್ದಿ ಹೊರಬಿದ್ದ ಮೇಲೆ ಆಪ್‌ನವರು ಆ ನಂಟನ್ನು ಕಡಿದುಕೊಂಡೆವೆಂದರು. ನಾವು ಕಅಬಾದ ಕಡೆ ಮುಖ ಮಾಡಲು ಕೇಳಿದ ದಿಕ್ಕು, ನಮ್ಮನ್ನು ಹುಡುಕುವವರಿಗೆ ದಾರಿಯಾಯಿತು!

ಅದೇ ವರ್ಷ ಸೌದಿ ಅರೇಬಿಯ ಉಮ್ರಾವನ್ನು ಮತ್ತೆ ತೆರೆದಾಗ ಇಅತಮರ್ನಾ ಎಂಬ ಆಪ್ ಮೂಲಕ ಪರವಾನಿಗೆ ಪಡೆಯಬೇಕಾಯಿತು. ಅದಕ್ಕೆ ತವಕ್ಕಲ್ನಾ ಎಂಬ ಇನ್ನೊಂದು ಆಪ್‌ನಲ್ಲಿ ಆರೋಗ್ಯದ ಸ್ಥಿತಿ ಸರಿಯಿರಬೇಕಿತ್ತು. ಇಬಾದತ್ತೂ ವೈದ್ಯಕೀಯ ದಾಖಲೆಯೂ ಒಂದೇ ಪರದೆಯ ಮೇಲೆ ಸೇರಿದ್ದು ಹೀಗೆ. ಆ ಹೊತ್ತಿಗೆ ಅದು ಲಕ್ಷಾಂತರ ಜೀವಗಳ ರಕ್ಷಣೆಗೆ ಬೇಕಾಗಿತ್ತು, ಇಲ್ಲವೆನ್ನಲಾಗದು. ಆದರೆ ಅಗತ್ಯ ಮುಗಿದ ಮೇಲೆ ದಾಖಲೆಯೂ ಮುಗಿಯಬೇಕೆಂದು ಕೇಳುವುದು ಯಾತ್ರಿಕನ ಹಕ್ಕು.

ಕರಾವಳಿಯ ಯುವಕರಿಗೆ ಇದರ ಬಿಸಿ ಹಜ್‌ಗಿಂತ ಮೊದಲೇ ತಟ್ಟಿದೆ. ಕೊಲ್ಲಿಗೆ ಹೋಗಬೇಕಾದರೆ 'ಗಾಮ್ಕಾ ಮೆಡಿಕಲ್' ಆಗಬೇಕು ಎಂಬುದು ಇಲ್ಲಿ ಮನೆಮಾತು. ರಕ್ತ, ಎದೆಯ ಎಕ್ಸ್‌ರೇ ಎಲ್ಲವನ್ನೂ ಪರೀಕ್ಷಿಸಿ 'ಫಿಟ್' ಅಥವಾ 'ಅನ್‌ಫಿಟ್' ಎಂದು ಬರೆಯುತ್ತಾರೆ. ಆ ಒಂದು ಶಬ್ದ ಕೊಲ್ಲಿ ರಾಷ್ಟ್ರಗಳಿಗೆಲ್ಲ ಅಂತರ್ಜಾಲದಲ್ಲಿ ತಲುಪುತ್ತದೆ. ಈಗ ಇದು ವಾಫಿದ್ ಎಂಬ ಹೆಸರಿನಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್ ಸಂಖ್ಯೆ ಮತ್ತು ದೇಶದ ಹೆಸರು ಕೊಟ್ಟರೆ ಫಲಿತಾಂಶ ತೆರೆದುಕೊಳ್ಳುತ್ತದೆ. ಪಾಸ್‌ಪೋರ್ಟ್ ಸಂಖ್ಯೆ ಏಜೆಂಟನ ಬಳಿ ಇರುತ್ತದೆ, ಟ್ರಾವೆಲ್ಸ್‌ನವರ ಬಳಿ ಇರುತ್ತದೆ. ಹೆಣ್ಣು ಕೊಡಲು ಹೊರಟ ಮನೆಯವರ ಕೈಗೂ ಅದು ಸಿಗಬಾರದೆಂದೇನಿಲ್ಲ. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಉಳಿದರೆ ಸಾಕು, ಹುಡುಗನ ಕೆಲಸದ ಜೊತೆ ಮಾನವೂ ಹೋಗುತ್ತದೆ. ಕುಷ್ಠದ ಕಾಲದ ಮಚ್ಚೆಗೂ ಇಂದಿನ ಈ ಕಲೆಗೂ ಏನು ವ್ಯತ್ಯಾಸ?

ಅಂತರ್ಜಾಲದ ಒಳಿತನ್ನು ಮರೆತು ಬರೆಯುವುದು ನ್ಯಾಯವಲ್ಲ. ಮುಸ್ಲಿಯಾರರ ಮುಂದೆ ಕುಳಿತು ಕೇಳಲು ನಾಚುತ್ತಿದ್ದ ಪ್ರಶ್ನೆಯನ್ನು ಇಂದು ಹೆಣ್ಣುಮಗಳು ಹೆಸರು ಹೇಳದೆ ಕೇಳಿ ಉತ್ತರ ಪಡೆಯುತ್ತಾಳೆ. ಗರ್ಭಕೋಶದ ಕಾಯಿಲೆ ಇರುವವಳ ನಮಾಝ್, ಮೂತ್ರದ ಚೀಲ ಹಾಕಿಕೊಂಡ ಮುದುಕರ ವುಝೂ, ಮನಸ್ಸಿನ ಕಾಯಿಲೆಯ ಮಾತ್ರೆ ನುಂಗುವವರ ಉಪವಾಸ ಇವೆಲ್ಲವೂ ಬಹಳ ಕಾಲ ನುಂಗಿಕೊಂಡೇ ಇದ್ದ ಪ್ರಶ್ನೆಗಳು. ಹಾಸಿಗೆ ಹಿಡಿದವರು ಇಗರ್ಜಿಯ ಪೂಜೆಯನ್ನು ಮೊಬೈಲ್‌ನಲ್ಲೇ ನೋಡಿ ಸಮಾಧಾನ ಪಡುತ್ತಾರೆ. ಗುಟ್ಟು ಕಾಯುವ ಸಾಧನವಾಗಿಯೂ ಅಂತರ್ಜಾಲ ಒದಗುತ್ತದೆ. ಅದು ಹೇಗೆ ಒದಗಬೇಕೆಂದು ತೀರ್ಮಾನಿಸುವವರು ಯಾರು ಎಂಬುದೇ ಇರುವ ಪ್ರಶ್ನೆ.

ಕಾನೂನು ತಲುಪದ ಜಾಗ

2023ರಲ್ಲಿ ಭಾರತಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪೆನಿಗಳ ಮುಖ್ಯ ಕರ್ತವ್ಯಗಳಿಗೆ ಇನ್ನೂ ಹದಿನೆಂಟು ತಿಂಗಳ ಅವಧಿ ಕೊಡಲಾಯಿತು. 2011ರ ನಿಯಮಗಳಲ್ಲಿ ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಹೆಸರಿಸಲಾಗಿತ್ತು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ದಿನಸಿ ಅಂಗಡಿಯ ಚೀಟಿಗೂ ಬಯಾಪ್ಸಿಯ ವರದಿಗೂ ಅದರ ಕಣ್ಣಿನಲ್ಲಿ ದೊಡ್ಡ ಭೇದವಿಲ್ಲ. ಇದನ್ನು ಪ್ರಶ್ನಿಸಬೇಕು, ಪ್ರಶ್ನಿಸುತ್ತಿರಬೇಕು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ವ್ಯಕ್ತಿಯೊಬ್ಬ ತನ್ನ ಖಾಸಗಿ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಎಂದರೆ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಆ ಕಾನೂನು ಬರುವುದಿಲ್ಲ. ಬರಬಾರದೂ ಹೌದು. ಅಲ್ಲಿ ಕಾವಲಿಗೆ ನಮ್ಮ ಅಂತಃಸಾಕ್ಷಿಯೊಂದೇ ಇದೆ. ಹಾಗಾದರೆ ಅದು ಎಚ್ಚರವಿದೆಯೇ?

ದಿನವೂ ನಮ್ಮ ಮೊಬೈಲ್‌ಗೆ ಬರುವ ಸಂದೇಶಗಳನ್ನು ನೋಡೋಣ. ಆಸ್ಪತ್ರೆಯ ಮಂಚದ ಮೇಲೆ ಕೊಳವೆಗಳ ನಡುವೆ ಮಲಗಿದ ಮಗುವಿನ ಫೋಟೊ. ಅದರ ಕೆಳಗೆ ತಂದೆಯ ಹೆಸರು, ಮನೆಯ ವಿಳಾಸ, ಆಸ್ಪತ್ರೆಯ ವರದಿ, ಬ್ಯಾಂಕ್ ಖಾತೆಯ ಸಂಖ್ಯೆ. 'ದುಆ ಮಾಡಿ, ಎಲ್ಲರಿಗೂ ಕಳುಹಿಸಿ' ಎಂಬ ಕೋರಿಕೆ. ಕಳುಹಿಸುವವರ ಮನಸ್ಸು ಒಳ್ಳೆಯದೇ. ಈ ಸಂದೇಶಗಳಿಂದ ಎಷ್ಟೋ ಶಸ್ತ್ರಚಿಕಿತ್ಸೆಗಳು ನಡೆದಿವೆ, ಎಷ್ಟೋ ಜೀವಗಳು ಉಳಿದಿವೆ. ಆದರೆ ನಾವು ಬಲ್ಲ ಒಂದು ಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ಹುಡುಗಿಯೊಬ್ಬಳ ಚಿಕಿತ್ಸೆಗಾಗಿ ಹೊರಟ ಮನವಿಯಿಂದ ಹಣ ಕೂಡಿತು, ಆಕೆ ಗುಣವಾದಳು. ಐದು ವರ್ಷಗಳ ಬಳಿಕ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಗಂಡಿನ ಕಡೆಯವರ ಮೊಬೈಲ್‌ನಲ್ಲಿ ಅದೇ ಫೋಟೊ ಇತ್ತು. ಸಹಾಯ ಮಾಡಿದ ಕೈಗಳೇ ಬಾಗಿಲು ಮುಚ್ಚಿದವು. ನಾವೂ ಆ ಸಂದೇಶವನ್ನು ಮುಂದೆ ಕಳುಹಿಸಿದವರೇ. ಈ ಬರಹಕ್ಕೆ ಕುಳಿತದ್ದಕ್ಕೆ ಅದೂ ಒಂದು ಕಾರಣ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡುವವನನ್ನು ಪ್ರವಾದಿ(ಸ) ಕೊಂಡಾಡಿದ್ದಾರೆ. ಕೊಡುವವನ ಗುಟ್ಟಿಗೇ ಅಷ್ಟು ಬೆಲೆಯಿರುವಾಗ ಪಡೆಯುವವನ ಮಾನಕ್ಕೆ ಎಷ್ಟು ಬೆಲೆಯಿರಬೇಡ? ದಾರಿಗಳಿಲ್ಲದೆ ಇಲ್ಲ. ಜಮಾಅತಿನ ಇಬ್ಬರು ನಂಬಿಕಸ್ಥರು ವರದಿ ನೋಡಿ ಖಚಿತಪಡಿಸಲಿ. ಸಂದೇಶದಲ್ಲಿ ಹೆಸರು ಮುಖ ಬೇಡ, ಬೇಕಾದ ಮೊತ್ತ ಮತ್ತು ಜಮಾಅತಿನ ಖಾತೆ ಇದ್ದರೆ ಸಾಕು. ಹಣ ಕೂಡಿದ ಕೂಡಲೇ 'ಸಾಕು' ಎಂಬ ಇನ್ನೊಂದು ಸಂದೇಶ ಹೋಗಲಿ, ಹಳೆಯದನ್ನು ಅಳಿಸಲು ಕೇಳಿಕೊಳ್ಳಲಿ. ದುಆ ಕೋರುವಾಗ 'ಸಹೋದರಿಯೊಬ್ಬರ ಆರೋಗ್ಯಕ್ಕಾಗಿ' ಎಂದರೆ ಅಲ್ಲಾಹನಿಗೆ ವಿಳಾಸ ತಪ್ಪುವುದಿಲ್ಲ. ಶುಕ್ರವಾರದ ಖುತ್‌ಬಾದಲ್ಲಿ ಪರನಿಂದೆಯ ಬಗ್ಗೆ ಕೇಳುತ್ತಲೇ ಬಂದಿದ್ದೇವೆ. ಬೆರಳಿನ ಪರನಿಂದೆಯ ಬಗ್ಗೆಯೂ ಖತೀಬರು ನಾಲ್ಕು ಮಾತು ಹೇಳಲಿ. ಇಗರ್ಜಿಗಳಲ್ಲಿ, ದೇವಸ್ಥಾನದ ಸಮಿತಿಗಳಲ್ಲಿ ಈ ಮಾತು ನಡೆದರೆ ಇನ್ನೂ ಒಳ್ಳೆಯದು. ಈ ಕಾಯಿಲೆ ಯಾವ ಒಂದು ಸಮುದಾಯದ್ದೂ ಅಲ್ಲ.

ಕಂಕನಾಡಿಯ ಆ ಔಷಧಾಲಯಕ್ಕೆ ಬಡವರು ಬಂದಾಗ ಅವರ ಕೈಯಲ್ಲಿ ಹಣವಿರಲಿಲ್ಲ. ಅವರಲ್ಲಿದ್ದದ್ದು ಒಂದು ಕಾಯಿಲೆ ಮತ್ತು ಅದನ್ನು ಹೇಳಿಕೊಳ್ಳುವ ಧೈರ್ಯ. ಆ ಧೈರ್ಯ ಹುಟ್ಟಿದ್ದು ಕೇಳುವವರು ಅದನ್ನು ಕಾಯುತ್ತಾರೆ ಎಂಬ ನಂಬಿಕೆಯಿಂದ. ಆ ನಂಬಿಕೆ ಹೋದ ದಿನ ರೋಗಿ ವೈದ್ಯರಿಂದಲೂ ಬಚ್ಚಿಡುತ್ತಾನೆ, ಪ್ರಾರ್ಥಿಸುವವರಿಂದಲೂ ಬಚ್ಚಿಡುತ್ತಾನೆ. ಬಚ್ಚಿಟ್ಟ ಕಾಯಿಲೆಗೆ ಮದ್ದೂ ಇಲ್ಲ, ದುಆವೂ ಇಲ್ಲ. ಮುಂದಿನ ಸಲ ಯಾರದೋ ಕಾಯಿಲೆಯ ವರದಿ ನಮ್ಮ ಪರದೆಯ ಮೇಲೆ ಬೆಳಗಿದಾಗ, ಅದನ್ನು ಮುಂದಕ್ಕೆ ತಳ್ಳುವ ಮೊದಲು ಒಂದು ಕ್ಷಣ ಬೆರಳು ತಡೆದು ಕೇಳಿಕೊಳ್ಳೋಣ: ಇದು ನಮಗೆ ಯಾರೋ ಒಪ್ಪಿಸಿದ ಅಮಾನತ್ತಲ್ಲವೇ?